ಶ್ರಾವಣದ ಫೋಟೊದಲ್ಲಿ ಬಾಳೆಕಂದು

ಬೆಳಿಗ್ಗೆ ಆರೂವರೆಗೆ ಕಂಪ್ಲಿಯಿಂದ ಹೊರಟೆವು, ನಾನು ಮತ್ತು ಮೊಮ್ಮಗಳು ಶೈಲಾ. ಹೊಸಪೇಟೆಗೆ ಬಸ್ಸಿನಲ್ಲಿ ತಲಾ ಹದಿನಾರು ರೂಪಾಯಿ. ಶೈಲಾ ಮುಂಬೈಯಲ್ಲಿ ವಕೀಲಳು. ಷೇರು ಕೊಂಡವರು "ಸುಳ್ಳು ಹೇಳಿ ಮಾರಿದಿರಿ" ಎಂದು ದಾವೆ ಹಾಕಿದರೆ ಕಂಪನಿಯ ಪರ ನಿಲ್ಲುವುದು ಅವಳ ಕೆಲಸ. ಎಂಟು ವರ್ಷ ದೊಡ್ಡ ವಕೀಲರ ಹಿಂದೆ ಕಡತ ಹೊತ್ತವಳಿಗೆ ಮೊದಲ ಸಲ ಸ್ವಂತದ ಕೇಸು ಸಿಕ್ಕಿತ್ತು, ಸಂಡೂರಿನ ಒಂದು ಗಣಿ ಕಂಪನಿಯದು. ಮರುದಿನ ಕೋರ್ಟಿಗೆ ಉತ್ತರ ಹೋಗಬೇಕು. ಯಾವ ಪುರಾವೆ ಸೇರಿಸಬೇಕೆಂದು ಇವಳು ಗಣಿಯ ಆಫೀಸಿನಲ್ಲಿ ನೋಡಿ, ಅಲ್ಲಿಂದಲೇ ಮುಂಬೈಗೆ ಫೋನಿನಲ್ಲಿ ಹೇಳಬೇಕು. ವಾಪಸು ಬರುವಾಗ ಹಂಪಿ ತೋರಿಸುವುದಾದರೆ ನಾನೂ ಬರುತ್ತೇನೆ ಎಂದಿದ್ದೆ.

ಕಮಲಾಪುರದವರೆಗೆ ಬಾಳೆ, ಕಬ್ಬು. "ಕಂಪನಿಯವ್ರು ಖರೇನ ಸುಳ್ಳು ಹೇಳ್ಯಾರೇನ?" ಎಂದು ಕೇಳಿದೆ.

"ಹೇಳಿಲ್ಲ ಅಂತಾರ ಅಜ್ಜಿ. ಹೇಳಿದ್ರ ತೋರಿಸ್ರಿ ಅಂತ ನಾ ವಾದ ಮಾಡ್ತೀನಿ."

"ನೀ ಸುಳ್ಳು ಹೇಳಂಗಿಲ್ಲ ಹಂಗಾರ?"

"ನಾ ಹೇಳಿದ್ರ ಕರಿಕೋಟು ಬಿಚ್ಚಿ ಮನಿಗೆ ಬರ್ಬೇಕಾಗ್ತೈತಿ!"

ಹೊಸಪೇಟೆಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ. ಮಿರ್ಚಿ ತಣ್ಣಗಿತ್ತು, ಬೈದು ಬಿಸಿಯದು ಹಾಕಿಸಿಕೊಂಡೆ. ಸಂಡೂರಿಗೆ ಮೂವತ್ತು ಕಿಲೋಮೀಟರಿದ್ದೀತು, ಎರಡು ತಾಸು ಹಿಡಿಯಿತು. ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದು. ಬೇವಿನ ಮರ ಕೆಂಪು, ನಾಯಿ ಕೆಂಪು, ಇಳಿಯುವಷ್ಟರಲ್ಲಿ ನನ್ನ ಬಿಳಿ ಸೀರೆಯೂ ಕೆಂಪು.

ಗಣಿ ಆಫೀಸಿನ ಮ್ಯಾನೇಜರು "ಬರ್ರಿ ಮೇಡಂ, ಕುಂದ್ರಿ" ಎಂದು ಚಹಾ ತರಿಸಿದರು. ಶ್ರಾವಣದಲ್ಲಿ ಗಣಿ ನಿಂತಿದ್ದರೂ ಪೂರ್ತಿ ನಡೆಯುತ್ತಿದೆ ಎಂದು ಕಂಪನಿ ಹೇಳಿತೆಂಬುದು ಷೇರಿನವರ ದೂರು. ಮ್ಯಾನೇಜರು ಒಂದು ದೊಡ್ಡ ಫೋಟೊ ಇಟ್ಟರು. ಸಾಲಾಗಿ ಲಾರಿಗಳು. "ಶ್ರಾವಣದಾಗ ತೆಗೆದದ್ರಿ ಇದು." ಶೈಲಾ ಖುಷಿಯಿಂದ ಅದನ್ನು ಕಡತದ ಮೇಲಿಟ್ಟಳು. ನಾನು ಚಸ್ಮ ಹಾಕಿಕೊಂಡೆ.

"ಲಾರಿಗೆ ಬಾಳೆಕಂದು ಯಾಕ ಕಟ್ಟೀರಿ?"

"ಹೊಸಾ ಲಾರಿ ಅಜ್ಜಿ. ಪೂಜಿ ಮಾಡಿರ್ತಾರ," ಎಂದರು ಮ್ಯಾನೇಜರು.

"ಇಪ್ಪತ್ತೂ ಹೊಸಾವೇನ? ಮುಂದಿಂದ್ರ ಬಂಪರ್ ನೆಗ್ಗೈತಿ. ಲಾರಿ ತೂಗೋ ಕಾಟಾಕ್ಕೂ ಕಂದು ಕಟ್ಟಿ ಕುಂಬಳಕಾಯಿ ಒಡದೀರಿ. ಇದು ಆಯುಧ ಪೂಜಿ. ಶ್ರಾವಣದಾಗ ಎಲ್ಲಿಂದ ಬಂತು? ಅವತ್ತು ಸಲಿಕಿನೂ ಮುಟ್ಟಂಗಿಲ್ಲ, ಅದಿರು ಯಾವಾಗ ತುಂಬಿದ್ರಿ?"

ಮ್ಯಾನೇಜರು ನನ್ನನ್ನು ಬಿಟ್ಟು ಶೈಲಾಳನ್ನು ನೋಡಿದರು. "ಮುಂಬೈ ಜಡ್ಜಿಗೆ ಇದೆಲ್ಲಿ ಗೊತ್ತಾಗ್ತೈತ್ರಿ ಮೇಡಂ?"

"ನನಗ ಗೊತ್ತಾತಲ್ರಿ," ಎಂದಳು. ಫೋಟೊ ಹಿಂದಕ್ಕೆ ಸರಿಸಿ, ಶ್ರಾವಣದ ಕಾಟಾ ಚೀಟಿ ಕೇಳಿದಳು.

ಒಂದು ತಾಸು ಹುಡುಕಿ ಕಟ್ಟು ತಂದರು. ಹನ್ನೆರಡು ದಿನ ಲಾರಿ ತೂಗಿದ್ದರು, ಉಳಿದ ದಿನ ಇಲ್ಲ. "ನಿಂತಿತ್ತು ಅನ್ನೋದೂ ಸುಳ್ಳು, ಪೂರ್ತಿ ನಡೀತು ಅನ್ನೋದೂ ಸುಳ್ಳು. ಇದನ್ನ ಇಡ್ತೀನಿ," ಎಂದು ಗಣಿ ಮಾಲೀಕರಿಗೆ ಫೋನು ಹಚ್ಚಿದಳು. ಅವರ ಕೂಗು ನನ್ನ ಕಿವಿಗೂ ಬಿತ್ತು: ಫೋಟೊ ಹಾಕದಿದ್ದರೆ ಬೇರೆ ವಕೀಲರನ್ನು ನೋಡಿಕೊಳ್ಳುತ್ತೇವೆ, ಸಂಜೆ ಹೇಳುತ್ತೇವೆ.

ಹಂಪಿಯವರೆಗೆ ಶೈಲಾ ಫೋನು ತೆಗೆದು ತೆಗೆದು ನೋಡಿದಳು. ನಾನು ಸಮಾಧಾನ ಹೇಳಲಿಲ್ಲ. ಸರಿ ಮಾಡಿದವಳಿಗೆ ಅದೆಂಥ ಸಮಾಧಾನ? ವಿರೂಪಾಕ್ಷನಿಗೆ ಕೈಮುಗಿದು ಹೊರಗೆ ಬಂದಾಗ ಫೋನು ಬಡಿದುಕೊಂಡಿತು. ಅವಳ ದೊಡ್ಡ ವಕೀಲರು ಮಾಲೀಕರಿಗೆ ತಿಳಿಹೇಳಿದ್ದರಂತೆ. ಸುಳ್ಳು ಫೋಟೊ ಸಿಕ್ಕಿಬಿದ್ದರೆ ಖರೆ ಚೀಟಿಯನ್ನೂ ಯಾರೂ ನಂಬುವುದಿಲ್ಲ ಎಂದು. ಕೇಸು ಅವಳದೇ.

"ಗೆಲ್ತೀಯೇನ?"

"ಅರ್ಧ ಗೆಲ್ತೀನಿ ಅಜ್ಜಿ. ಅಷ್ಟ ನ್ಯಾಯ ಐತಿ."

ಗೋಪುರದ ಮುಂದೆ ಕ್ಯಾಮೆರಾದವನೊಬ್ಬ ಹಿಂದೆ ಬಿದ್ದ. ಕೆಂಪು ಧೂಳು ಮೆತ್ತಿಕೊಂಡೇ ಇಬ್ಬರೂ ನಿಂತು ತೆಗೆಸಿಕೊಂಡೆವು. ಇಪ್ಪತ್ತು ರೂಪಾಯಿ, ಕೈಗೇ ಫೋಟೊ. ಕಂಪ್ಲಿಯ ಬಸ್ಸು ಕಮಲಾಪುರ ದಾಟುವಾಗ ಅದನ್ನು ತಿರುವಿ ಶೈಲಾಳಿಗೆ ಕೊಟ್ಟೆ.

"ಹಿಂದ ತಾರೀಖು, ವಾರ ಬರಿ. ನಾಳೆ ಯಾರರ ನಾವು ಹೋಳಿ ಆಡಿದ್ವಿ ಅಂದಾರು."