ಶುಕ್ರವಾರದ ನೇಮ

ನಮ್ಮ ಹಣ ಹಿಡಿದಿಟ್ಟುಕೊಂಡಿದ್ದ ಅಡತಿ ಅಂಗಡಿಯಲ್ಲಿ ನಾನು ಕುಡಿದಷ್ಟು ಚಹಾವನ್ನು ಬೀಗರ ಮನೆಯಲ್ಲೂ ಕುಡಿದಿಲ್ಲ. ಹೋಗಿ ಕೂತ ಕೂಡಲೇ ಏಲಕ್ಕಿ ಹಾಕಿದ ಚಹಾ ಬರುತ್ತಿತ್ತು. ಅದು ಮುಗಿಯುವಷ್ಟರಲ್ಲಿ ನಮ್ಮ ಮಾತನ್ನೂ ಸಾಹುಕಾರ ಮುಗಿಸಿಬಿಡುತ್ತಿದ್ದ. ಉಂಡ ಮನೆಯಲ್ಲಿ ಜಗಳ ತೆಗೆಯುವವರು ನಾವಲ್ಲವೆಂದು ಅವನಿಗೆ ಗೊತ್ತಿತ್ತು.

ತಿಕೋಟಾದಿಂದ ಬಿಜ್ಜರಗಿಗೆ ಹೋಗುವ ದಾರಿಯಲ್ಲಿ ನಮ್ಮದು ಮೂರು ಎಕರೆ ದ್ರಾಕ್ಷಿ ತೋಟ. ಆ ವರ್ಷ ಬೆಳೆ ಚೆನ್ನಾಗಿಯೇ ಬಂದಿತ್ತು. ಮೊದಲೇ ಹೇಳಿಬಿಡುತ್ತೇನೆ, ಮಳೆಯ ಮೇಲೋ ಮಣ್ಣಿನ ಮೇಲೋ ತಪ್ಪು ಹೊರಿಸುವಂತಿಲ್ಲ. ಹಣ್ಣು ಒಣಗಿಸಿ, ಯುಗಾದಿ ಕಳೆದ ಮೇಲೆ ಮಾರಿಕೊಡಲೆಂದು ವಿಜಯಪುರದ ಆ ಅಂಗಡಿಗೆ ಹಾಕಿದೆವು. ತಿಂಗಳೊಳಗೆ ಹಣ ಎಂದ ಸಾಹುಕಾರ. ಅಪ್ಪ ಇಪ್ಪತ್ತು ವರ್ಷ ಅವನಿಗೇ ಮಾಲು ಹಾಕಿದವರು. ಪಕ್ಕಾ ರಸೀದಿ ಕೇಳಿದರೆ ನಂಬಿಕೆ ಇಲ್ಲವೆಂದಂತಾಗುತ್ತದೆ ಎಂದು ಒಂದು ಬಿಳಿ ಚೀಟಿಯ ಮೇಲೆ ತೂಕ, ದರ ಬರೆಸಿಕೊಂಡು ಬಂದರು. ಮುಂದೆ ಮಾರುಕಟ್ಟೆ ಕಚೇರಿಗೆ ದೂರು ಒಯ್ದಾಗ ಅಲ್ಲಿನ ಗುಮಾಸ್ತ ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಚುರಮರಿ ಕಟ್ಟಬಹುದ್ರಿ" ಎಂದ.

ಆ ಹಣದಲ್ಲಿ ಮೊದಲ ಪಾಲು ಎಂಟು ಜನ ಹೆಂಗಸರದು. ನಮ್ಮ ಶೆಡ್ಡಿನಲ್ಲಿ ದಿನವಿಡೀ ಕೂತು ಒಣದ್ರಾಕ್ಷಿಯ ಕಡ್ಡಿ ಬಿಡಿಸಿ, ಕಪ್ಪು ಕಾಳು ಆರಿಸಿದವರು ಅವರು. ಮಾಲಿನ ಹಣ ಕೈಗೆ ಬಂದ ದಿನವೇ ನಿಮ್ಮ ಪಗಾರ ಎಂದು ಮಾತು ಕೊಟ್ಟವನು ನಾನು. ಅವರಲ್ಲಿ ಹಿರಿಯಳು ಬಿಜ್ಜರಗಿಯವಳು. ನಾಲ್ಕು ಆಡು ಕಟ್ಟಿಕೊಂಡು ಬದುಕುವಾಕೆ. ಆಕೆ ನನಗೆ ತಮ್ಮಾ ಎನ್ನುತ್ತಿದ್ದಳು, ನಾನು ಆಕೆಗೆ ಯಕ್ಕಾ ಎನ್ನುತ್ತಿದ್ದೆ. ಆಕೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ಐದನೇ ತಿಂಗಳಿಗೆ ತೊಟ್ಟಿಲು, ಸೀರೆ ಕೊಟ್ಟು ಗಂಡನ ಮನೆಗೆ ಕಳಿಸಬೇಕು. ಅದೆಲ್ಲ ನಾನು ಕೊಡಬೇಕಾದ ಪಗಾರದಲ್ಲೇ ಆಗಬೇಕಿತ್ತು.

ಪ್ರತಿ ಶುಕ್ರವಾರ ಜುಮ್ಮಾ ನಮಾಜಿಗೆ ಅಪ್ಪ ಮತ್ತು ನಾನು ವಿಜಯಪುರಕ್ಕೆ ಹೋಗುವುದು ರೂಢಿ. ನಮಾಜು ಮುಗಿಸಿ ಅಂಗಡಿಗೆ ಹೋದರೆ ಸಾಹುಕಾರ ಎದ್ದು ನಿಂತು ಅಪ್ಪನ ಕೈ ಹಿಡಿಯುತ್ತಿದ್ದ.

"ಬರ್ರಿ ಸಾಹೇಬ್ರ, ಕೂಡ್ರಿ. ರೊಕ್ಕ ತಯಾರ ಅದಾವ. ಆದರ ಇವತ್ತ ಶುಕ್ರವಾರ ನೋಡ್ರಿ, ಲಕ್ಷ್ಮೀನ ಹೊರಗ ಕಳಸಂಗಿಲ್ಲ. ಸೋಮವಾರ ಬರ್ರಲ್ಲ."

"ಆತು ಬಿಡ್ರಿ ಸಾವ್ಕಾರ್ರ, ನಿಮ್ಮ ನೇಮ ನಿಮಗ" ಎನ್ನುತ್ತಿದ್ದರು ಅಪ್ಪ. ಇನ್ನೊಬ್ಬರ ದೇವರ ವಿಷಯಕ್ಕೆ ನಡುವೆ ಬಾಯಿ ಹಾಕಬಾರದೆಂದು ನಮ್ಮನ್ನು ಬೆಳೆಸಿದವರು ಅವರು. ಆ ಒಳ್ಳೆಯ ಗುಣವೇ ನಮ್ಮ ಕುತ್ತಿಗೆಗೆ ಬಂತು.

ಸೋಮವಾರ ಹೋದರೆ ಸಾಹುಕಾರ ಸಾಂಗ್ಲಿಗೆ ಹೋಗಿರುತ್ತಿದ್ದ. ಮಂಗಳವಾರವೂ ಲಕ್ಷ್ಮಿ ಹೊರಗೆ ಕಾಲಿಡುತ್ತಿರಲಿಲ್ಲ. ಬುಧವಾರ ಬಸ್ಸು ತಡವಾಗಿ ದೀಪ ಹಚ್ಚುವ ಹೊತ್ತಾಯಿತು, ದೀಪ ಹಚ್ಚಿದ ಮೇಲೆ ಹಣ ಕೊಡುವಂತಿಲ್ಲ. ವಾರಕ್ಕೆ ಏಳು ದಿನವಿದ್ದರೂ ಅವನ ಪಂಚಾಂಗದಲ್ಲಿ ನಮ್ಮ ಹಣ ಕೊಡುವ ದಿನ ಒಂದೂ ಇರಲಿಲ್ಲ. ಇಸಿದುಕೊಳ್ಳಲು ಮಾತ್ರ ಎಲ್ಲ ದಿನವೂ ಒಳ್ಳೆಯವೇ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ನನಗೆ ಸಾಹುಕಾರನ ಮೇಲೆ ಸಿಟ್ಟಿತ್ತು. ಅಪ್ಪನ ಮೇಲೂ ಇತ್ತು.

ದಾರಿ ತೋರಿಸಿದವಳು ಯಕ್ಕ. ಹರೆಯದಲ್ಲಿ ಆಕೆ ಅಂಥದೇ ಒಂದು ಅಂಗಡಿಯಲ್ಲಿ ಕಸ ಹೊಡೆದವಳು.

"ಅಮಾಸಿ ದಿನ ಪೂಜಿ ಹೊತ್ತಿಗೆ ಹೋಗೂಣು ತಮ್ಮಾ. ಲಕ್ಷ್ಮಿ ಮುಂದ ಕುಂತಾಗ ಸಾವ್ಕಾರ ಬಾಯಾಗ 'ಇಲ್ಲ' ಅನ್ನೂ ಮಾತು ಬರಂಗಿಲ್ಲ. ಅಂದ್ರ ಅಂಗಡಿಗೆ ಕೇಡ ಅಂತಾರ. ನಾ ಕೇಳ್ತೀನಿ, ನೀ ಸುಮ್ಮ ನಿಂದರು."

ಅಪ್ಪ ಬರಲೊಪ್ಪಲಿಲ್ಲ. ಶ್ರಾವಣ ಮುಗಿದ ಅಮಾವಾಸ್ಯೆಯಂದು ಎಂಟೂ ಹೆಂಗಸರು ಮತ್ತು ನಾನು ಟಂಟಂ ಆಟೋ ಮಾಡಿಕೊಂಡು ಹೋದೆವು. ಅಂಗಡಿ ತುಂಬ ಜನ. ಸಾಂಗ್ಲಿಯ ಖರೀದಿದಾರರು ಗಾದಿಯ ಮೇಲೆ ಕೂತಿದ್ದರು. ತಿಜೋರಿಗೆ ಹೂವಿನ ಮಾಲೆ ಹಾಕಿ, ಲಕ್ಷ್ಮಿಯ ಫೋಟೋ ಮುಂದೆ ನೋಟಿನ ಕಟ್ಟುಗಳನ್ನು ಜೋಡಿಸಿದ್ದರು. ಬಾಗಿಲ ಬಳಿ ಪ್ರಸಾದದ ಶಿರಾ ಹಿಡಿದು ನಿಂತಿದ್ದ ಬಬಲೇಶ್ವರದ ರೈತನೊಬ್ಬ ನನ್ನ ಕಿವಿಯಲ್ಲಿ, "ನಂದ ಹೋದ ವರ್ಷದ್ದ ಇನ್ನೂ ಬರೂದೈತ್ರಿ, ತಿಂಗಳಾ ಬಂದು ಶಿರಾ ತಿಂದು ಹೊಕ್ಕೇನಿ" ಎಂದ.

ಯಕ್ಕ ಸೀದಾ ಹೊಸ್ತಿಲಲ್ಲಿ ಕೂತಳು. ಉಳಿದ ಏಳು ಜನ ಆಕೆಯ ಹಿಂದೆ ಕೂತರು.

"ಸಾವ್ಕಾರ್ರ, ಇವರ ಮಾಲಿನ ರೊಕ್ಕ ನಿಮ್ಮ ಕಡೆ ಅದಾವೋ, ಇಲ್ಲೋ? ಅಷ್ಟ ಹೇಳ್ರಿ."

ಸಾಹುಕಾರನ ಕೈಯಲ್ಲಿ ಆರತಿ ತಟ್ಟೆಯಿತ್ತು. ಖರೀದಿದಾರರು ಮಾತು ನಿಲ್ಲಿಸಿ ಇತ್ತ ನೋಡಿದರು. ಅವನು ಒಮ್ಮೆ ಲಕ್ಷ್ಮಿಯ ಫೋಟೋ ನೋಡಿ, "ಅದಾವ್ಬೇ, ಭರಪೂರ ಅದಾವ" ಎಂದ.

"ಭರಪೂರ ಅದಾವಂದ್ರ ಕೊಟ್ಟಬಿಡ್ರಿ. ಅಲ್ಲಿತನಾ ನಾವು ಇಲ್ಲೇ ಕುಂಡರತೇವಿ."

ಐದು ನಿಮಿಷದಲ್ಲಿ ಸಾಹುಕಾರ ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಅಲ್ಲಿ ಲಕ್ಷ್ಮಿ ಇರಲಿಲ್ಲವಲ್ಲ, 'ಇಲ್ಲ' ಎಂಬ ಮಾತು ಸಲೀಸಾಗಿ ಬಂತು. ಪೂರ್ತಿ ಕೊಡಲು ಇಲ್ಲ, ಬೇಕಾದರೆ ಅರ್ಧ ತಗೋ, ಬೇಡವಾದರೆ ಆ ಚೀಟಿ ಹಿಡಿದುಕೊಂಡು ಕೋರ್ಟಿಗೆ ಹೋಗು ಎಂದ. ಮುಂದಿನ ಬುಧವಾರದ ತಾರೀಖು ಹಾಕಿ ಅರ್ಧ ಹಣಕ್ಕೆ ಚೆಕ್ ಬರೆದ. ಬಾಕಿ ಏನೂ ಉಳಿದಿಲ್ಲವೆಂದು ನನ್ನಿಂದ ಸಹಿ ಹಾಕಿಸಿಕೊಂಡ. ನಾನು ಹಾಕಿದೆ. ಹೊರಗೆ ಬಂದಾಗ ಹೆಂಗಸರು ಶಿರಾ ತಿನ್ನುತ್ತಿದ್ದರು. ನಾವು ಗೆದ್ದೆವೆಂದು ಯಕ್ಕನ ಮುಖ ಅರಳಿತ್ತು. ಬುಧವಾರದ ಚೆಕ್ ಕೊಟ್ಟಿದ್ದಾನೆ ಎಂದಷ್ಟೇ ಹೇಳಿದೆ, ಅರ್ಧದ ಮಾತನ್ನು ನಾನು ಆಕೆಗೆ ಹೇಳಲಿಲ್ಲ.

ಗುರುವಾರ ಹಣ ಖಾತೆಗೆ ಬಂತು. ಎಂಟು ಜನರ ಪಗಾರ ಕೊಟ್ಟು ಇನ್ನೂ ಉಳಿಯುವಷ್ಟಿತ್ತು. ಆದರೆ ಬ್ಯಾಂಕಿನಿಂದ ನಾನು ಸೀದಾ ಹೋದದ್ದು ತಿಕೋಟಾದ ಔಷಧಿ ಅಂಗಡಿಗೆ. ಬಳ್ಳಿ ಸವರುವ ಹಂಗಾಮು ಹತ್ತಿರ ಬಂದಿತ್ತು, ಹಳೆ ಉದ್ರಿ ತೀರಿಸದೆ ಗೊಬ್ಬರ, ಔಷಧಿ ಕೊಡುವುದಿಲ್ಲ ಎಂದಿದ್ದ ಆ ಅಂಗಡಿಯವ. ಹೆಂಗಸರು ನಮ್ಮವರೇ, ಹದಿನೈದು ದಿನ ತಡೆದಾರು ಎಂದುಕೊಂಡೆ. ಅಷ್ಟನ್ನೂ ಅಲ್ಲಿಯೇ ಸುರಿದು ಬಂದೆ.

ಮರುದಿನ ಶುಕ್ರವಾರ, ಅಪ್ಪ ಮತ್ತು ನಾನು ನಮಾಜು ಮುಗಿಸಿ ಮನೆಗೆ ಬಂದರೆ ಯಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಮಗ್ಗುಲಲ್ಲಿ ಮಗಳು, ಮಗಳ ತೊಡೆಯ ಮೇಲೆ ಕೂಸು. ಪಗಾರ ಸಿಕ್ಕರೆ ಶನಿವಾರ ತಿಕೋಟಾದಲ್ಲಿ ತೊಟ್ಟಿಲು ನೋಡಲು ಹೋಗುವವರಿದ್ದರು.

"ಬಾ ಯಕ್ಕಾ, ಚಾ ಕುಡಿ" ಎಂದೆ. ಒಳಗಿನಿಂದ ಚಹಾ ಬಂತು. ಏಲಕ್ಕಿ ಹಾಕಿದ್ದು. ಆಕೆ ಬಸಿಗೆ ಸುರಿದು ಊದಿ ಊದಿ ಕುಡಿದಳು. ನಾನು ಕೂಸನ್ನು ಎತ್ತಿಕೊಂಡೆ, ಚೆಂದಾಗಿ ಬೆಳೆದಿದೆ ಎಂದೆ. ಆಮೇಲೆ ನನ್ನ ಬಾಯಿಂದ ಆ ಮಾತು ತಾನಾಗಿಯೇ ಬಂತು.

"ರೊಕ್ಕದ್ದೇನ ಕಾಳಜಿ ಬ್ಯಾಡ ಯಕ್ಕಾ. ಸೋಮವಾರ ಬಾ."

ಆಕೆ ಬಸಿಯನ್ನು ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು.

"ಹೌದನ ತಮ್ಮಾ, ನಿಮ್ಮ ಮಂದ್ಯಾಗೂ ಶುಕ್ರಾರ ರೊಕ್ಕ ಕೊಡಂಗಿಲ್ಲೇನು?"

ಒಳಗೆ ಅಪ್ಪ ಕೆಮ್ಮಿದರು. ಕೂಸು ಇನ್ನೂ ನನ್ನ ಕೈಯಲ್ಲೇ ಇತ್ತು. ಆಕೆ ಎದ್ದು ಬಂದು ಅದನ್ನು ಇಸಿದುಕೊಂಡಳು.