ಭಜಂತ್ರಿ ಮಾಸ್ತರರ ಚೀಲದ ಸನಾದಿ

ಸಿಟ್ಟು ಬಂದಾಗ ಭಜಂತ್ರಿ ಮಾಸ್ತರರು ಉಗುರು ಕತ್ತರಿಸಿಕೊಳ್ಳಲು ಕೂರುತ್ತಿದ್ದರು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಜೇಬಿನಿಂದ ನೇಲ್‌ಕಟರ್ ತೆಗೆದು, ಹತ್ತು ಬೆರಳುಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು, ಕತ್ತರಿಸಲು ಏನೂ ಉಳಿದಿರದಿದ್ದರೂ ಕತ್ತರಿಸುತ್ತಿದ್ದರು. ಆ ಟಿಕ್ ಟಿಕ್ ಸದ್ದು ಕೇಳಿದರೆ ನಾವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಯಾರಿಗೋ ಏನೋ ಕಾದಿದೆ ಎಂದು ಗೊತ್ತಾಗುತ್ತಿತ್ತು. ಅದು ಯಾವಾಗ ಬಂದು ತಲುಪುತ್ತದೆ ಎಂಬುದು ಮಾತ್ರ ಮಾಸ್ತರರೊಬ್ಬರಿಗೇ ತಿಳಿದಿರುತ್ತಿತ್ತು.

ಅಪ್ಪ ದಾವಣಗೆರೆಯವರು, ನೌಕಾಪಡೆಯಲ್ಲಿದ್ದರು. ಹೀಗಾಗಿ ನಾನು ಬೆಳೆದದ್ದು ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿ. ಸುನಾಮಿ ಬರುವ ಎರಡು ವರ್ಷ ಮೊದಲಿನ ಬೇಸಿಗೆ, ನನಗಾಗ ಹದಿನಾಲ್ಕು, ಸಿಂಹಾಚಲಂ ಬೆಟ್ಟದ ಬುಡದ ಒಂದು ಖಾಸಗಿ ಶಾಲೆಯವರು ನಡೆಸುತ್ತಿದ್ದ ಶಿಬಿರಕ್ಕೆ ಅಪ್ಪ ನನ್ನನ್ನು ಸೇರಿಸಿದರು. ಮೂರು ವಾರ ಅಲ್ಲೇ ವಾಸ, ಅಲ್ಲೇ ಊಟ. ಕಲಿಸುತ್ತಿದ್ದುದು ಸ್ಕಾಟ್ಲೆಂಡಿನ ವಾದ್ಯ ಮತ್ತು ಕುಣಿತ. ಆ ಶಾಲೆಯ ಒಡೆಯರನ್ನು ಎಲ್ಲರೂ ಕರೆಸ್ಪಾಂಡೆಂಟ್ ಎನ್ನುತ್ತಿದ್ದರು. ದಿಲ್ಲಿಯ ಪೆರೇಡಿನಲ್ಲಿ ಚೌಕಳಿ ಲಂಗ ತೊಟ್ಟ ಸೈನಿಕರು ಬ್ಯಾಗ್‌ಪೈಪ್ ಊದುತ್ತ ಹೋದದ್ದನ್ನು ನೋಡಿ, ನಮ್ಮ ಶಾಲೆಗೂ ಅದು ಬೇಕು ಎಂದು ಅವರಿಗೆ ಅನ್ನಿಸಿತ್ತಂತೆ. ಕುಣಿತ ಕಲಿಸಲು ಮಾರ್ಗರೆಟ್ ಮೇಡಂ ಎಂಬ ಅರವತ್ತು ದಾಟಿದ ಹೆಂಗಸು ಸ್ಕಾಟ್ಲೆಂಡಿನಿಂದಲೇ ಬರುತ್ತಿದ್ದರು. ನೆಲದ ಮೇಲೆ ಅಡ್ಡಡ್ಡ ಇಟ್ಟ ಎರಡು ಕತ್ತಿಗಳನ್ನು ಮೆಟ್ಟದೆ ಅವುಗಳ ನಡುವೆ ಕುಣಿಯುವುದನ್ನು ಅವರು ನಮಗೆ ಬಿದಿರು ಕೋಲು ಇಟ್ಟು ಕಲಿಸಿದರು. ಮೇ ತಿಂಗಳ ಸೆಕೆಗೆ ಉಣ್ಣೆಯ ಲಂಗದೊಳಗೆ ತೊಡೆಯೆಲ್ಲ ಬೆವರುಸಾಲೆ.

ವಾದ್ಯ ಕಲಿಸುತ್ತಿದ್ದವರು ಭಜಂತ್ರಿ ಮಾಸ್ತರರು. ಬೈಲಹೊಂಗಲದ ಕಡೆಯವರು. ಇಪ್ಪತ್ತೆರಡು ವರ್ಷ ಸೈನ್ಯದ ಪೈಪ್ ಬ್ಯಾಂಡಿನಲ್ಲಿದ್ದು ನಿವೃತ್ತರಾಗಿ ಈ ಶಾಲೆಗೆ ಬಂದಿದ್ದರು. ಬ್ಯಾಗ್‌ಪೈಪನ್ನು ಅವರು ಕರೆಯುತ್ತಿದ್ದುದು ಚೀಲದ ಸನಾದಿ ಎಂದು. ತೊಗಲಿನ ಚೀಲ ಗಾಳಿ ಬಿಡದಿರಲೆಂದು ಅದರೊಳಗೆ ಬೆಲ್ಲದ ಪಾಕ ಸವರುತ್ತಿದ್ದರು. ಶಿಬಿರದ ಇರುವೆಗಳೆಲ್ಲ ಅವರ ಕೋಣೆಯಲ್ಲೇ. ಮೊದಲ ದಿನ ನನ್ನ ಹೆಸರು ಕೇಳಿ, ಕನ್ನಡದವಳೆಂದು ತಿಳಿದಾಗ ಅವರ ಮುಖ ಅರಳಿತು. ಅವತ್ತಿನಿಂದ ನನ್ನೊಡನೆ ಕನ್ನಡವನ್ನು ಬಿಟ್ಟು ಬೇರೆ ಆಡಲಿಲ್ಲ. ನನ್ನದೋ ಮನೆಯೊಳಗಿನ ಕನ್ನಡ, ಅರ್ಧ ತೆಲುಗು ಬೆರೆತದ್ದು. ಅವರ ಮಾತು ಪೂರ್ತಿ ಹಿಡಿಯಲು ನನಗೆ ವಾರ ಬೇಕಾಯಿತು.

ಅವರ ಸೇಡಿನ ಮೊದಲ ರುಚಿ ನೋಡಿದ್ದು ಅಡುಗೆಮನೆಯ ವಿಷಯದಲ್ಲಿ. ಮೆಸ್ಸಿನ ಅಡುಗೆಯವನು ಮಾಸ್ತರರ ತಟ್ಟೆಗೆ ಮಾತ್ರ ಸೌಟು ತಾಗದಂತೆ ಎತ್ತರದಿಂದ ಸಾಂಬಾರು ಸುರಿಯುತ್ತಿದ್ದ. ಮಾಸ್ತರರು ಮರುದಿನದಿಂದ ಕೋಳಿ ಕೂಗುವ ಹೊತ್ತಿಗೆ ಅವನ ಕಿಟಕಿಯ ಕೆಳಗೆ ನಿಂತು ಸಾಧನೆ ಶುರುಮಾಡಿದರು. ಒಂದೇ ಸ್ವರ, ಉದ್ದಕ್ಕೆ, ಮುಕ್ಕಾಲು ಗಂಟೆ. ಕೇಳಿದವರಿಗೆ ಈ ಹೊತ್ತಿನಲ್ಲೇ ಗಾಳಿ ತಂಪು, ಪೀಪಿಗೆ ಒಳ್ಳೆಯದು ಎಂದರು. ಆರನೆಯ ದಿನ ಅಡುಗೆಯವನು ಬಿಸಿ ಪೆಸರಟ್ಟು ತಂದು, ತಟ್ಟೆಯನ್ನು ಕೈಯಲ್ಲಿ ಹಿಡಿದು ತಾನೇ ಬಡಿಸಿದ.

"ಸೇಡು ಅಂದ್ರ ಹೊಡಿಯೂದಲ್ಲ ಯವ್ವಾ," ಎಂದರು ನನಗೆ, ಪೆಸರಟ್ಟು ಮುರಿಯುತ್ತ. "ಹೊಡದ್ರ ಅವರದು ಬರೇ ಮೈ ನೋಯ್ತದ. ಅವರು ಮಾಡಿದ್ದನ್ನ ಅವರ ಕೈಲೇ ಅವರಿಗೆ ಉಣಿಸಬೇಕು."

ಅವರ ತಂದೆ ಮದುವೆಗಳಲ್ಲಿ ಸನಾದಿ ಊದುತ್ತಿದ್ದರಂತೆ. ಆ ಮಾತು ಬಂದಾಗ ದನಿ ತಗ್ಗುತ್ತಿತ್ತು. "ನಾಕ್ ದಿನ ಊದಿದ್ರೂ ಹಂದರದ ಹೊರಗ ಕುಂತು ಉಣಬೇಕು. ನಮ್ಮಪ್ಪ ನುಂಗಿಕೊಂಡು ಸತ್ತ. ನಾ ನುಂಗಾಂವಲ್ಲ."

ಮಾಸ್ತರರ ಬಳಿ ಒಂದು ಉದ್ದನೆಯ ನೋಟುಬುಕ್ಕಿತ್ತು. ಸೈನ್ಯದಲ್ಲಿ ಕಲಿತ ಸ್ಕಾಟ್ಲೆಂಡಿನ ಮಟ್ಟುಗಳನ್ನೆಲ್ಲ ತಂದೆಯ ಸನಾದಿಯ ಬೋಲುಗಳಲ್ಲಿ, ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದರು. ಅವರು ಆ ಬೋಲುಗಳನ್ನು ಬಾಯಲ್ಲಿ ಹಾಡಿ ತೋರಿಸಿದಾಗ ಮಾರ್ಗರೆಟ್ ಮೇಡಂ ಬೆರಗಾಗಿ, ನಮ್ಮಲ್ಲೂ ಹಳೇ ವಾದ್ಯಗಾರರು ಹೀಗೇ ಬಾಯಲ್ಲಿ ಹಾಡಿ ಕಲಿಸುತ್ತಿದ್ದರು ಎಂದಿದ್ದರು. ಆ ಪುಸ್ತಕದ ಮೇಲೆ ಕಣ್ಣು ಹಾಕಿದವನು ಕರೆಸ್ಪಾಂಡೆಂಟರ ಅಳಿಯ ಪ್ರಸಾದ್. ಅವನು ಶಾಲೆಯ ಮ್ಯೂಸಿಕ್ ಡೈರೆಕ್ಟರ್. ಕೀಬೋರ್ಡಿನ ಮೇಲೆ ಎರಡು ಬೆರಳು ಓಡಿಸುವುದು ಬಿಟ್ಟರೆ ಬೇರೆ ಸಂಗೀತ ಕಾಣೆ. ಶಿಬಿರಕ್ಕೆ ಮೊದಲೇ, ನೋಡಿ ಕೊಡುತ್ತೇನೆಂದು ನೋಟುಬುಕ್ ಒಯ್ದು, ದ್ವಾರಕಾ ನಗರದ ಅಂಗಡಿಯೊಂದರಲ್ಲಿ ಜೆರಾಕ್ಸ್ ಮಾಡಿಸಿದ. ಕನ್ನಡ ಅಕ್ಷರ ತೆಲುಗಿನವರಿಗೆ ಓದಲು ಬರುತ್ತದೆ, ಅರ್ಥವಾಗುವುದಿಲ್ಲ ಅಷ್ಟೆ. ಎಲ್ಲವನ್ನೂ ಹಾಗೆ ಹಾಗೇ ತೆಲುಗು ಲಿಪಿಗೆ ಇಳಿಸಿ, ತಲೆಬರಹಗಳನ್ನೂ ಬಿಡದೆ, ತನ್ನ ಫೋಟೋ ಹಾಕಿ, ತನ್ನದೇ ರಚನೆಗಳೆಂದು ಅಚ್ಚು ಹಾಕಿಸಿದ. ಶಿಬಿರದ ಐದನೆಯ ದಿನ ಆ ಪುಸ್ತಕವನ್ನು ನಮಗೆಲ್ಲ ಹಂಚಿದರು.

ಮಾಸ್ತರರು ಒಂದು ಪ್ರತಿ ತೆಗೆದು ಪುಟ ಪುಟ ತಿರುವಿದರು. ಕೊನೆಗೆ ಪ್ರಸಾದನ ಬಳಿ ಹೋಗಿ, ಕರೆಸ್ಪಾಂಡೆಂಟರ ಊರಾದ ವಿಜಯವಾಡದಲ್ಲಿ ನಡೆಯಲಿದ್ದ ಶಿಬಿರದ ಸಮಾರೋಪದಲ್ಲಿ ತನಗೆ ವೇದಿಕೆಯ ಮೇಲೆ ಜಾಗವಿದೆಯೇ ಎಂದಷ್ಟೇ ಕೇಳಿದರು. ಪ್ರಸಾದ್ ಪಕ್ಕದಲ್ಲಿದ್ದ ಇನ್ನೊಬ್ಬ ಮೇಷ್ಟರ ಕಡೆ ತಿರುಗಿ ನಕ್ಕ.

"ಊದೇವಾಡಿಕಿ ಸ್ಟೇಜೆಂದುಕಂಡೀ?"

ಊದುವವನಿಗೆ ವೇದಿಕೆ ಯಾಕೆ ಎಂದು. ಬಂದವರನ್ನು ಗೇಟಿನಲ್ಲಿ ನಿಂತು ಸ್ವಾಗತಿಸಲಿ ಎಂದು ತೀರ್ಮಾನವಾಯಿತು. ಆ ಸಂಜೆ ಮಾಸ್ತರರು ಬಾವಿಕಟ್ಟೆಯ ಮೇಲೆ ಕೂತು ಉಗುರು ಕತ್ತರಿಸಿಕೊಂಡರು. ಬೆರಳ ತುದಿಯಲ್ಲಿ ರಕ್ತ ಒಸರುವವರೆಗೆ.

ವಾರದ ನಂತರ ಪ್ರಸಾದನೇ ಅವರ ಬಳಿ ಬಂದ. ಕರೆಸ್ಪಾಂಡೆಂಟ್ ಸಭಾಂಗಣದೊಳಗೆ ನಡೆದು ಬರುವಾಗ ನುಡಿಸಲು ಗಂಭೀರವಾದದ್ದೊಂದು ಬೇಕು, ಮೇಡಂಗೆ ಆಶ್ಚರ್ಯವಾಗಬೇಕು, ಅದಕ್ಕೇ ಅವರಿಗೆ ಮೊದಲೇ ಕೇಳಿಸಬಾರದು ಎಂದ. ಮಾಸ್ತರರು ಅವನ ಪುಸ್ತಕವನ್ನೇ ತೆಗೆದು ಒಂದು ಪುಟ ತೋರಿಸಿದರು. ತಲೆಬರಹದ ಅರ್ಥವೇನೆಂದು ಅವನು ವಿಚಾರಿಸಿದ. ದೊಡ್ಡವರನ್ನು ಕರೆದುಕೊಂಡು ಹೋಗುವಾಗ ಮುಂದೆ ಊದುವುದು ಎಂದು ಮಾಸ್ತರರು ತೆಲುಗಿನಲ್ಲಿ ವಿನಯದಿಂದ ಹೇಳಿದರು.

ನಾನು ನನ್ನ ಪ್ರತಿಯಲ್ಲಿ ಆ ಪುಟ ತೆಗೆದೆ. ತೆಲುಗು ಅಕ್ಷರಗಳನ್ನು ಕೂಡಿಸಿ ಮೆಲ್ಲಗೆ ಓದಿಕೊಂಡೆ. 'ಹೆಣದ ಮುಂದ.' ತಲೆ ಎತ್ತಿದರೆ ಮಾಸ್ತರರು ನನ್ನನ್ನೇ ನೋಡುತ್ತಿದ್ದರು.

"ತಿಳೀತಲ್ಲ?" ಎಂದರು. "ಹಂಗಾರ ಬಾಯಿ ಮುಚ್ಚಿಕೊಂಡು ಊದು."

ನಾನು ಯಾರಿಗೂ ಹೇಳಲಿಲ್ಲ. ಹೆದರಿ ಅಲ್ಲ. ಪ್ರಸಾದ್ ನಕ್ಕ ಆ ನಗೆ ನನ್ನ ಕಿವಿಯಲ್ಲೂ ಕೂತಿತ್ತು. ಮುಂದಿನ ಎಂಟು ದಿನ ಆ ಶೋಕದ ಮಟ್ಟನ್ನು ನನ್ನಷ್ಟು ಶ್ರದ್ಧೆಯಿಂದ ಯಾರೂ ಸಾಧನೆ ಮಾಡಿರಲಾರರು.

ವಿಜಯವಾಡದ ಸಭಾಂಗಣ ತುಂಬಿತ್ತು. ಅಪ್ಪ ಅಮ್ಮನೂ ಬಂದಿದ್ದರು. 'ಹೆಣದ ಮುಂದ, ನಮ್ಮ ಡೈರೆಕ್ಟರ್ ಪ್ರಸಾದ್ ಅವರ ಸ್ವಂತ ರಚನೆ' ಎಂದು ಮೈಕಿನಲ್ಲಿ ಘೋಷಣೆಯಾದಾಗ ಮೂರನೇ ಸಾಲಿನಲ್ಲಿದ್ದ ಅಪ್ಪ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿ ಕೆಮ್ಮಿದ್ದು ನನಗೆ ಕಂಡಿತು. ಸಾಲಿನ ಮುಂದೆ ಡ್ರಮ್ ಹಿಡಿದು ನಿಂತಿದ್ದವಳು ಅಪ್ಪಲನರ್ಸಮ್ಮ. ನನ್ನದೇ ವಯಸ್ಸಿನವಳು, ಅವಳ ತಾಯಿ ಸಿಂಹಾಚಲದ ಮೆಟ್ಟಿಲ ಬಳಿ ಹೂ ಮಾರುತ್ತಿದ್ದಳು. ಡ್ರಮ್ಮಿನಲ್ಲಿ ಅವಳ ಕೈ ನೋಡಿ ಕರೆಸ್ಪಾಂಡೆಂಟ್ ಮುಂದಿನ ವರ್ಷದಿಂದ ತಮ್ಮ ಶಾಲೆಯಲ್ಲಿ ಉಚಿತ ಸೀಟು ಕೊಡುವುದಾಗಿ ಹೇಳಿದ್ದರು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಕೋಲು ಎತ್ತಿ ತಾಳ ಕೊಟ್ಟಳು, ನಾವು ಊದಿದೆವು.

ಮೊದಲ ಎರಡು ಸಾಲಿಗೇ ಮಾರ್ಗರೆಟ್ ಮೇಡಂ ಎದ್ದು ನಿಂತು ತಲೆ ತಗ್ಗಿಸಿದರು. ಅದು ಆ ದೇಶದ ಪದ್ಧತಿ ಇರಬೇಕೆಂದು ಸಭೆಯೆಲ್ಲ ಎದ್ದು ತಲೆ ತಗ್ಗಿಸಿತು. ಇಷ್ಟು ಗೌರವ ನಿರೀಕ್ಷಿಸಿರದ ಕರೆಸ್ಪಾಂಡೆಂಟ್ ಎರಡೂ ಕಡೆ ಕೈ ಮುಗಿಯುತ್ತ, ನಿಧಾನವಾಗಿ, ಆ ಮಟ್ಟಿನ ಹಿಂದೆ ನಡೆದುಬಂದರು. ಮಾತನಾಡುವ ಸರದಿ ಬಂದಾಗ ಮೇಡಂ ಕಣ್ಣೊರೆಸಿಕೊಂಡು ಹೇಳಿದ್ದನ್ನು ಇಂಗ್ಲಿಷ್ ಟೀಚರ್ ತೆಲುಗಿಗೆ ತಿರುಗಿಸುತ್ತ ಹೋದರು. ಇದು ತಮ್ಮ ಊರಿನ ಬಹಳ ಹಳೆಯ ಮಟ್ಟು, ಶವವನ್ನು ಒಯ್ಯುವಾಗ ಊದುವುದು, ತಮ್ಮ ತಾಯಿಯ ಪೆಟ್ಟಿಗೆಯ ಮುಂದೆಯೂ ಊದಿದ್ದರು, ಇವತ್ತು ನೀವು ಯಾರನ್ನು ಕಳೆದುಕೊಂಡಿದ್ದೀರಿ ಎಂದು ಮೇಡಂ ಕೇಳುತ್ತಿದ್ದಾರೆ. ಇಷ್ಟು ಹೇಳುವಷ್ಟರಲ್ಲಿ ಟೀಚರರ ದನಿ ಕುಗ್ಗಿತ್ತು. ಹಿಂದಿನ ಸಾಲಿನಿಂದ ಶುರುವಾದ ನಗೆ ಮುಂದಿನ ಸಾಲಿಗೆ ಬಂತು. ಕರೆಸ್ಪಾಂಡೆಂಟ್ ಅಳಿಯನ ಕಡೆ ನೋಡಿದರು. ಪ್ರಸಾದನ ಮುಖ ಸುಣ್ಣ ಬಳಿದಂತಿತ್ತು. ಬಾಗಿಲ ಬಳಿ, ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಭಜಂತ್ರಿ ಮಾಸ್ತರರು ನೆಟ್ಟಗೆ ನಿಂತಿದ್ದರು. ನಾನು ಅವರನ್ನು ಅಷ್ಟು ಸುಖವಾಗಿ ಕಂಡಿದ್ದು ಅದೊಂದೇ ಸಲ.

ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಅವರಿಗೆ ಅದು ಗೊತ್ತಿದ್ದದ್ದೇ, ಟ್ರಂಕು ಮೊದಲೇ ಕಟ್ಟಿಟ್ಟಿದ್ದರು. ಗೊತ್ತಿಲ್ಲದಿದ್ದದ್ದು ಇನ್ನೊಂದು. ತಾಳ ಕೊಟ್ಟು ಮೆರವಣಿಗೆ ನಡೆಸಿದ ಹುಡುಗಿಯೂ ಒಳಸಂಚಿನಲ್ಲಿದ್ದಳೆಂದು ನರ್ಸಮ್ಮನ ಸೀಟು ರದ್ದಾಯಿತು. ನಾನು ಕ್ವಾರ್ಟರ್ಸಿಗೆ ಮರಳಿದೆ, ನನ್ನ ಶಾಲೆ ನನಗಿತ್ತು. ಅವಳು ತಾಯಿಯ ಪಕ್ಕ ಹೂ ಕಟ್ಟಲು ಕೂತಳು.

ನಾಲ್ಕು ವರ್ಷದ ನಂತರ ಓದಲೆಂದು ವಿಜಯವಾಡಕ್ಕೆ ಬಂದಾಗ ಒನ್ ಟೌನಿನ ಸಗಟು ಅಂಗಡಿಗಳ ನಡುವಿನ ಸಂದಿಯೊಂದರಲ್ಲಿ ಮಾಸ್ತರರು ಸಿಕ್ಕರು. ಮದುವೆ ಬ್ಯಾಂಡಿನವರ ವಾದ್ಯಗಳನ್ನು ರಿಪೇರಿ ಮಾಡಿಕೊಂಡಿದ್ದರು. ಟೀ ತರಿಸಿದರು. ಪ್ರಸಾದನ ಆ ಮುಖ ನೆನೆದರೆ ಇವತ್ತಿಗೂ ಎರಡು ರೊಟ್ಟಿ ಹೆಚ್ಚು ಸೇರುತ್ತದೆ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ನರ್ಸಮ್ಮನ ವಿಷಯ ಹೇಳಿದೆ. ಅವರು ಹಿಡಿದಿದ್ದ ತುತ್ತೂರಿಯನ್ನು ಕೆಳಗಿಟ್ಟರು.

"ಆ ಡ್ರಮ್ಮಿನ ಹುಡುಗಿ?"

"ಹೌದು ಸರ್. ನಂಗೆ ಗೊತ್ತಿತ್ತು, ಅವಳಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ."

"ನಿನ್ನ ಬಾಯಿ ಮುಚ್ಚಿಸಿದಾಂವ ನಾನು," ಎಂದರು. "ಅದು ನನ್ನ ಪಾಲಿಂದು. ನೀ ಹೊರಬ್ಯಾಡ."

ಮುಂದಿನ ಶನಿವಾರವೇ ಅವರು ರೈಲು ಹತ್ತಿ ಸಿಂಹಾಚಲಕ್ಕೆ ಹೋದರಂತೆ. ಹೂವಿನ ಬುಟ್ಟಿಯ ಮುಂದೆ ನಿಂತು, ತಪ್ಪಾಯಿತು ತಾಯಿ ಎಂದರಂತೆ. ನರ್ಸಮ್ಮ ಅವರ ಮುಖ ನೋಡಿ, ಗಿರಾಕಿಯನ್ನು ಕೇಳುವಂತೆ, "ಪೂಲು ಕಾವಾಲಾ?" ಎಂದು ಕೇಳಿದಳು. ಹೂ ಬೇಕೇ ಎಂದು, ಅಷ್ಟೇ. ಅವರು ಒಂದು ಮೊಳ ಕೊಂಡು ಮೆಟ್ಟಿಲು ಹತ್ತಿದರು. ಮುಂದಿನ ತಿಂಗಳು ಮತ್ತೆ ಬಂದರು. ಮತ್ತೆ ಅದೇ ಮಾತು. ಹೀಗೆ ಎರಡು ವರ್ಷಕ್ಕೂ ಮೇಲೆ, ಮಂಡಿ ನೋವಿನ ಆ ಮನುಷ್ಯ ತಿಂಗಳಿಗೊಮ್ಮೆ ಬಂದು ನಿಂತರು. ಅವಳು ಒಂದು ಮಾತು ಹೆಚ್ಚು ಆಡಲಿಲ್ಲ, ಒಂದು ಕಡಿಮೆಯೂ ಆಡಲಿಲ್ಲ.

ಒಂದು ಮಳೆಗಾಲದಲ್ಲಿ ಒನ್ ಟೌನಿನ ಅಂಗಡಿಗೆ ಹೋದರೆ ಬಾಗಿಲು ಮುಚ್ಚಿತ್ತು. ಹೃದಯ ನಿಂತುಹೋಯಿತೆಂದು, ಊರಿನಿಂದ ತಮ್ಮ ಬಂದು ಕಾರ್ಯ ಮುಗಿಸಿದನೆಂದು ಪಕ್ಕದ ಕಾಗದದ ಅಂಗಡಿಯವರು ಹೇಳಿದರು. ರಜೆಗೆ ಮನೆಗೆ ಹೋದಾಗ ನಾನೇ ಸಿಂಹಾಚಲಕ್ಕೆ ಹೋದೆ. ನರ್ಸಮ್ಮ ನನ್ನನ್ನು ಗುರುತಿಸಿ, ಪಕ್ಕದಲ್ಲಿ ಗೋಣಿಚೀಲ ಹಾಸಿ ಕೂರಿಸಿದಳು. ಅವಳು ಮೊದಲು ಕೇಳಿದ್ದೇ, ಮೂರು ತಿಂಗಳಾಯಿತು, ಮಾಸ್ಟರು ಯಾಕೆ ಬರಲಿಲ್ಲ ಎಂದು. ಹೇಳಿದೆ.

ಅವಳು ಕಟ್ಟುತ್ತಿದ್ದ ಮಾಲೆಯ ಗಂಟು ತಪ್ಪಿತು. ಬಿಚ್ಚಿ ಮತ್ತೆ ಹಾಕಿದಳು, ಅದೂ ತಪ್ಪಿತು.

"ಇಂಕೋ ರೆಂಡೇಳ್ಳು ತಿಪ್ಪುದಾಂ ಅನುಕುನ್ನಾನು," ಎಂದಳು. ಇನ್ನೂ ಎರಡು ವರ್ಷ ಅವರನ್ನು ಅಲೆಸಬೇಕು ಅಂದುಕೊಂಡಿದ್ದೆ ಎಂದು.