ಕಾಪು, ಕಾರ್ಕಳ ನೋಡಿ ಬಂದ ದಿವಸ

ಮೊಮ್ಮಕ್ಕಳು ರಜೆಯಲ್ಲಿ ಬಂದರೆ ಮೊದಲು ನನ್ನ ತಲೆ ತಿನ್ನುವುದು ಇದಕ್ಕೇ: ಅಜ್ಜಿ, ಗೊಮ್ಮಟ ಬೆಟ್ಟಕ್ಕೆ ಯಾವಾಗ ಹೋಗುವುದು? ನೀವೇ ಹೋಗಿ ಬನ್ನಿ, ನನಗೆ ಮೊಣಗಂಟು ನೋವು ಎನ್ನುತ್ತೇನೆ. ನೋವು ಇರುವುದು ಸುಳ್ಳಲ್ಲ. ಆದರೆ ಮೊಣಗಂಟು ಗಟ್ಟಿ ಇದ್ದ ಕಾಲದಲ್ಲಿಯೂ ನಾನು ಹೋದವಳಲ್ಲ. ಹತ್ತು ವರ್ಷದವಳಿದ್ದಾಗ ಒಮ್ಮೆ ಹತ್ತಿದ್ದೇನೆ, ಅಷ್ಟು ಸಾಕು.

ಐವತ್ತರ ದಶಕದ ಮೊದಲ ವರ್ಷಗಳು. ಅಂಬಲಪಾಡಿಯ ನಮ್ಮ ಮನೆಯಲ್ಲಿ ಇದ್ದದ್ದು ಅಮ್ಮ, ನಾನು, ನಾಲ್ಕು ವರ್ಷದ ತಂಗಿ ಮತ್ತು ಮನೆಯ ಯಜಮಾನರಾದ ಸೋದರಮಾವ. ಅಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ನಮ್ಮದು ಅಳಿಯಕಟ್ಟು. ಮನೆ ಮುಂದುವರಿಯುವುದು ಹೆಣ್ಣಿನಿಂದ. ಗಂಡುಮಕ್ಕಳಿಗೆ ಹುಟ್ಟಿದವರು ಅವರವರ ತಾಯಿಯ ಮನೆಗೆ ಸೇರಿದವರು. ಘಟ್ಟದ ಮೇಲಿನವರು ಇದನ್ನು ಕೇಳಿ, ನಿಮ್ಮಲ್ಲಿ ಹೆಂಗಸರಿಗೆ ಎಷ್ಟು ಬೆಲೆ ಅಲ್ವಾ ಎಂದು ಹೊಗಳುತ್ತಾರೆ. ಬೆಲೆ ಉಂಟು, ಇಲ್ಲ ಎನ್ನುವುದಿಲ್ಲ. ಹೆಣ್ಣು ಹುಟ್ಟದ ಮನೆ ಅಲ್ಲಿಗೇ ಮುಗಿಯುತ್ತದೆ ಎಂದು ಹೆದರಿ, ಅಂಥವರು ತಮ್ಮದೇ ಕುಲದ ಇನ್ನೊಂದು ಮನೆಯಿಂದ ಹೆಣ್ಣುಮಗುವನ್ನು ಕೇಳಿ ಕರೆದುಕೊಂಡು ಹೋಗುತ್ತಿದ್ದರು. ಕೇಳಿದರೆ ಇಲ್ಲ ಎನ್ನುವ ಹಾಗಿರಲಿಲ್ಲ.

ಒಂದು ಸಂಜೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದೆ. ಚಾವಡಿಯಲ್ಲಿ ಮಾವ ಅಮ್ಮನಿಗೆ ಹೇಳುವುದು ಕೇಳಿಸಿತು. "ಕಾರ್ಕಳದ ಅಕ್ಕನಿಗೆ ಮಾತು ಕೊಟ್ಟಾಗಿದೆ. ಅವಳಿಗೆ ಮೂರೂ ಗಂಡು. ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗು, ಅವಳೊಮ್ಮೆ ನೋಡಲಿ. ಯಾರನ್ನು ಬಿಟ್ಟು ಬರುವುದು ಎಂದು ನೀನೇ ಹೇಳು."

ಅಮ್ಮ, "ದೊಡ್ಡವಳು ಹೋಗಲಿ" ಎಂದಳು.

ಇಡೀ ದಿವಸ ಅಮ್ಮನ ಸೆರಗು ಹಿಡಿದು ಅಳುವ, ಅನ್ನ ಉಗುಳುವ, ಆ ಗುಂಡುಮುಖದವಳು ಬೇಕು, ನೀರು ಸೇದುವ ನಾನು ಬೇಡ. ಅಮ್ಮನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದದ್ದಿಲ್ಲ. ತಂಗಿಯ ಮೇಲೆ ಬಂದದ್ದನ್ನು ಹೇಳುವುದೇ ಬೇಡ.

ಮೂರನೆಯ ದಿವಸ ಬೆಳಿಗ್ಗೆ ಅಮ್ಮ ನಮಗೆ ಎಣ್ಣೆ ಹಚ್ಚಿ ಮೀಯಿಸಿ, ಹೊಸ ಲಂಗ ಹಾಕಿ, "ಕಾಪುವಿನ ದೀಪಸ್ತಂಭ ನೋಡುವ, ಕಾರ್ಕಳದ ಗೊಮ್ಮಟನನ್ನೂ ನೋಡಿ ಬರುವ" ಎಂದಳು. ನೇರ ಕಾರ್ಕಳಕ್ಕೆ ಹೋದರೆ ಮಧ್ಯಾಹ್ನದ ಒಳಗೆ ಮುಟ್ಟುತ್ತಿದ್ದೆವು. ಕಾಪುವಿನ ಸುತ್ತು ಯಾಕೆ ಎಂದು ಆಗ ನಾನು ಯೋಚಿಸಲಿಲ್ಲ. ಈಗ ಗೊತ್ತಾಗುತ್ತದೆ, ಅವಳಿಗೆ ಇನ್ನೊಂದು ಅರ್ಧ ದಿವಸ ಬೇಕಿತ್ತು.

ಕಾಪುವಿನಲ್ಲಿ ಬಂಡೆಯ ಮೇಲೆ ಆ ದೀಪಸ್ತಂಭ. ಸಮುದ್ರ ಬೂದಿಬಣ್ಣವಾಗಿ ಬಿದ್ದುಕೊಂಡಿತ್ತು. ತಂಗಿ ಮರಳಿನಲ್ಲಿ ಹೊರಳಾಡಿ ಹೊಸ ಲಂಗ ಹಾಳು ಮಾಡಿದಳು. ಅಮ್ಮ ಬೈಯಲಿಲ್ಲ. ನನ್ನನ್ನು ಹತ್ತಿರ ಕರೆದು, ಬೇಡವೆಂದರೂ ಕೇಳದೆ ನನ್ನ ಜಡೆ ಬಿಚ್ಚಿ ಹೊಸದಾಗಿ ಹೆಣೆದಳು. ಬೆಳಿಗ್ಗೆಯಷ್ಟೇ ಹೆಣೆದ ಜಡೆ ಅದು. ಗಾಳಿಗೆ ಕೂದಲು ಹಾರುತ್ತಿತ್ತು, ಅವಳು ಮತ್ತೆ ಮತ್ತೆ ಒಟ್ಟು ಮಾಡುತ್ತಿದ್ದಳು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಎಂತ ಆಯಿತು ಎಂದು ಕೇಳಿದಳು. ಎಂತದೂ ಇಲ್ಲ ಎಂದೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಮಾವ ಹೇಳಿದ್ದ ಕಾರ್ಕಳದ ಅಕ್ಕ, ನಮಗೆ ದೊಡ್ಡಮ್ಮ, ಬಸ್ಸಿನ ಹತ್ತಿರವೇ ಕಾದು ನಿಂತಿದ್ದರು. ಕೆಟ್ಟ ಹೆಂಗಸು ಎಂದು ದ್ವೇಷಿಸಲು ತಯಾರಾಗಿ ಬಂದಿದ್ದೆ, ಆದರೆ ಅವರು ಹಾಗಿರಲಿಲ್ಲ. ಬೆಟ್ಟದ ಬುಡದಲ್ಲಿ ನಮಗೆ ಎಳನೀರು ಕುಡಿಸಿ ಮೆಟ್ಟಿಲು ಹತ್ತಿಸಿದರು. ಅಮ್ಮ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿಂದಿನಿಂದ ಬರುತ್ತಿದ್ದಳು. ದೊಡ್ಡಮ್ಮ ನನ್ನ ಕೈ ಹಿಡಿದು, ಓದಲಿಕ್ಕೆ ಬರುತ್ತದಾ, ಅಡುಗೆ ಎಂತ ಗೊತ್ತುಂಟು ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಗೊಮ್ಮಟನನ್ನು ನೋಡಲು ಬಂದವರು ನಾವು, ನಮ್ಮನ್ನು ನೋಡಲು ಬಂದವರು ಅವರು. ನಾನು ಅವರಿಗೆ ಹಿಡಿಸಿದ್ದೇನೆ ಎಂದು ಅವರು ಕೈ ಹಿಡಿದ ರೀತಿಯಲ್ಲಿಯೇ ನನಗೆ ಗೊತ್ತಾಯಿತು.

ಮೇಲೆ ಮುಟ್ಟಿದ ಮೇಲೆ ಅಮ್ಮ ಉಸಿರು ತೆಗೆದುಕೊಳ್ಳಲು ತಂಗಿಯೊಂದಿಗೆ ಆಚೆ ನೆರಳಿನಲ್ಲಿ ಕೂತಳು. ನಾನು ದೊಡ್ಡಮ್ಮನಿಗೆ ಮೆಲ್ಲಗೆ ಹೇಳಿದೆ: "ನನಗೆ ಮೂರ್ಛೆ ಬರುತ್ತದೆ. ಬಿದ್ದು ಬಾಯಲ್ಲಿ ನೊರೆ ಬರುತ್ತದೆ. ಯಾರಿಗೂ ಹೇಳಬಾರದು ಎಂದು ಅಮ್ಮ ಹೇಳಿದ್ದಾಳೆ."

ಒಂದು ಸಲ ಕೂಡ ಮೂರ್ಛೆ ಬಂದವಳಲ್ಲ ನಾನು. ನೆರೆಮನೆಯ ಹುಡುಗಿಗೆ ಬರುತ್ತಿತ್ತು, ಅದನ್ನು ಕಂಡಿದ್ದೆ. ಮೂರ್ಛೆಯವಳನ್ನು ಯಾರೂ ಮನೆಗೆ ತೆಗೆದುಕೊಳ್ಳುವುದಿಲ್ಲ ಎಂದು ದೊಡ್ಡವರು ಮಾತಾಡುವುದನ್ನೂ ಕೇಳಿದ್ದೆ. ದೊಡ್ಡಮ್ಮ ನನ್ನ ತಲೆ ಸವರಿ, "ಪಾಪ" ಎಂದರು. ಮತ್ತೆ ನನ್ನ ಕೈ ಹಿಡಿಯಲಿಲ್ಲ.

ಅಷ್ಟರಲ್ಲಿ ತಂಗಿ ಗೊಮ್ಮಟನ ಕಾಲಿನ ಬುಡದಲ್ಲಿ ನಿಂತು, "ಇವರಿಗೆ ಚಳಿ ಆಗುವುದಿಲ್ಲವಾ?" ಎಂದು ಕೇಳಿದಳು. ದೊಡ್ಡಮ್ಮ ನಕ್ಕು ಅವಳನ್ನು ಎತ್ತಿಕೊಂಡರು. ಇಳಿಯುವಾಗ ಅವಳು ಅವರ ಸೊಂಟದ ಮೇಲೆಯೇ ಇದ್ದಳು.

ಅವರ ಮನೆಯ ಅಡುಗೆಕೋಣೆಯಲ್ಲಿ ಮಾತು ನಡೆಯಿತು. "ಚಿಕ್ಕವಳೇ ಇರಲಿ, ಬೇಗ ಒಗ್ಗುತ್ತಾಳೆ" ಎಂದರು ದೊಡ್ಡಮ್ಮ. "ದೊಡ್ಡವಳು ಎಂದು ಆಗಿತ್ತಲ್ಲ ಅಕ್ಕ" ಎಂದಳು ಅಮ್ಮ. ದೊಡ್ಡಮ್ಮ ಕಾರಣ ಹೇಳಲಿಲ್ಲ, ನನ್ನ ಗುಟ್ಟು ಕಾಪಾಡಿದರು. ಅವರ ಒಳ್ಳೆಯತನವೇ ನನ್ನನ್ನು ಉಳಿಸಿತು. ಮಾವ ಕೊಟ್ಟ ಮಾತಿನ ಎದುರು ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ನಾಳೆ ಆನೆಕೆರೆ ತೋರಿಸುತ್ತಾರಂತೆ, ನೀನು ನೋಡಿಕೊಂಡು ಬಾ ಎಂದು ತಂಗಿಗೆ ಹೇಳಿದೆವು. ಹೇಳಿದವಳು ಅಮ್ಮನಲ್ಲ, ನಾನು. ಕೆರೆಯಲ್ಲಿ ಆನೆ ಉಂಟಾ ಎಂದು ಅವಳು ಕೇಳಿದಳು. ತುಂಬಾ ಉಂಟು ಎಂದೆ. ಬೆಲ್ಲ ತಿನ್ನುತ್ತಾ ನಮಗೆ ಕೈಬೀಸಿದಳು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಗೆದ್ದಿದ್ದೆ, ಅವಳ ತೋಳಿಗೆ ಒರಗಿದ್ದೆ. ಸಂಜೆಯ ಬಿಸಿಲು ಆರುವ ಹೊತ್ತಿಗೆ, ನನಗೋ ತನಗೋ ತಿಳಿಯದ ಹಾಗೆ ಅವಳು ಹೇಳಿದಳು: "ನಿನ್ನನ್ನು ಬಿಡುವ ಎಂದಿದ್ದೆ. ಹತ್ತು ವರ್ಷದವಳು, ನಾನು ಯಾರು ಎಂದು ನಿನಗೆ ನೆನಪಿರುತ್ತಿತ್ತು. ದೂರ ಇದ್ದರೂ ನನ್ನ ಮಗಳಾಗಿಯೇ ಇರುತ್ತಿದ್ದೆ. ಅವಳು ನನ್ನನ್ನು ಮರೆತುಬಿಡುತ್ತಾಳೆ."

ಆಗಲೇ ಹೇಳಬಹುದಿತ್ತು. ಅಮ್ಮ, ನಾನು ಸುಳ್ಳು ಹೇಳಿದೆ, ವಾಪಸ್ಸು ಹೋಗುವ ಎಂದಿದ್ದರೆ ಅವಳು ಬಸ್ಸು ನಿಲ್ಲಿಸಿ ಇಳಿಯುತ್ತಿದ್ದಳು. ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

ಮಗು ಒಗ್ಗುವವರೆಗೆ ಯಾರೂ ಬರಬೇಡಿ ಎಂದು ಕಾರ್ಕಳದಿಂದ ಹೇಳಿ ಕಳುಹಿಸಿದರು. ಅದೂ ಕ್ರಮವೇ. ಒಂದು ವರ್ಷ ಎಂದದ್ದು ಮೂರಾಯಿತು. ಆಮೇಲೆ ಅಮ್ಮನೇ, ಯಾಕೆ ಸುಮ್ಮನೆ ಮಗುವಿನ ಮನಸ್ಸು ಕಲಕುವುದು ಎಂದು ಹೋಗದೆ ಉಳಿದಳು. ಅಡುಗೆಕೋಣೆಯ ಮೂಲೆಯಲ್ಲಿ ಅವಳು ಸುಮ್ಮನೆ ಕೂತಿದ್ದರೆ ನಾನು ಆಚೆ ಹೋಗುತ್ತಿದ್ದೆ.

ಅರುವತ್ತರ ದಶಕದಲ್ಲಿ ನನ್ನ ಮದುವೆಗೆ ದೊಡ್ಡಮ್ಮ ತಂಗಿಯನ್ನು ಕರೆದುಕೊಂಡು ಬಂದರು. ನನಗಿಂತ ಎತ್ತರ, ಚಂದದ ಹುಡುಗಿ. ಅಮ್ಮ ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದಳು. ತಂಗಿಯ ಎಲೆಯ ಎದುರು ಬಂದಾಗ ಹುಡುಗಿ ತಲೆ ಎತ್ತಿ, ಪರಿಚಯದವರೊಂದಿಗೆ ಮಾತಾಡುವ ಹಾಗೆ ನಗುತ್ತಾ ಕೇಳಿದಳು: "ಚಿಕ್ಕಮ್ಮ, ಸಣ್ಣವಳಿದ್ದಾಗ ನಾನು ಸ್ವಲ್ಪ ಕಾಲ ನಿಮ್ಮಲ್ಲಿದ್ದೆನಂತೆ. ತುಂಬಾ ಹಟ ಮಾಡುತ್ತಿದ್ದೆನಾ?"

"ಇಲ್ಲ ಮಗಾ," ಎಂದಳು ಅಮ್ಮ, "ನೀನು ಹಟವೇ ಮಾಡಲಿಲ್ಲ." ಮತ್ತೆ ಅವಳ ಎಲೆಗೆ ಪಾಯಸ ಬಡಿಸಿ ಮುಂದಿನ ಎಲೆಗೆ ಹೋದಳು.